ದಿಕ್ಸೂಚಿಯ ಮುಳ್ಳಿನ ಬೆನ್ನುಹತ್ತಿದ ಎಡ್ಮಂಡ್ ಹ್ಯಾಲಿ

ಎಡ್ಮಂಡ್ ಹ್ಯಾಲಿ ಎಂಬ ಹೆಸರು ಕೇಳಿದೊಡನೆ ನಮಗೆಲ್ಲ ನೆನಪಾಗುವುದು ಧೂಮಕೇತು. ಸುಮಾರು 76 ವರ್ಷಕ್ಕೊಮ್ಮೆ ಕಾಣಿಸಿಕೊಳ್ಳುವ ಧೂಮಕೇತು ಯಾವುದು ಎಂಬ ಪ್ರಶ್ನೆಗೆ ಪ್ರೈಮರಿ ಶಾಲೆಯ ಕ್ವಿಜ್‌ನಿಂದ ಹಿಡಿದು ಇಂದಿನವರೆಗೂ ನಾವು ಉತ್ತರ ಹೇಳುತ್ತಲೇ ಬಂದಿದ್ದೇವೆ. ಆದರೆ ಹ್ಯಾಲಿ ಅವರ ಜೀವನಚರಿತ್ರೆ ಓದಿದಾಗ ನನಗೆ ಆಶ್ಚರ್ಯವಾಯಿತು. ಶಾಲಾ ಹುಡುಗನಾಗಿದ್ದಾಗಿನಿಂದ ಮುಪ್ಪಿನವರೆಗೆ ಅವರನ್ನು ಬಿಡದೆ ಕಾಡಿದ ವಿಷಯ ಬೇರೆಯೇ ಇತ್ತು. ಅದು ದಿಕ್ಸೂಚಿಯ ಮುಳ್ಳು.

ಈ ಲೇಖನ ಬರೆಯಲು ಒಂದು ಕಾರಣವಿದೆ. ಭೂಮಿಯ ಕಾಂತಧ್ರುವಗಳು ಇನ್ನೇನು ಅದಲುಬದಲಾಗಲಿವೆ, ಆ ದಿನ ಲೋಕವೇ ಮುಗಿಯಲಿದೆ ಎನ್ನುವ ವಿಡಿಯೊಗಳು ಮೊಬೈಲಿನಲ್ಲಿ ಆಗಾಗ ಹರಿದಾಡುತ್ತವೆ. ನಮ್ಮ ತರಗತಿಯಲ್ಲೂ ಇದರ ಬಗ್ಗೆ ಮಾತು ಬಂತು. ಕೆಲವರು ಹೆದರಿದರು, ಕೆಲವರು ನಕ್ಕುಬಿಟ್ಟರು. ಧ್ರುವಗಳು ಅದಲುಬದಲಾಗುವುದು ನಿಜವೇ? ನಿಜವಾದರೆ ಅದು ಯಾರಿಗೆ, ಹೇಗೆ ಗೊತ್ತಾಯಿತು? ಇದನ್ನು ಹುಡುಕಿಕೊಂಡು ಹೋದ ನನಗೆ ದಾರಿಯ ಆರಂಭದಲ್ಲೇ ಸಿಕ್ಕವರು ಹ್ಯಾಲಿ. ಧ್ರುವಗಳು ತಿರುಗುತ್ತವೆ ಎಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಭೂಮಿಯ ಕಾಂತತ್ವ ನಿಂತಲ್ಲೇ ನಿಂತಿಲ್ಲ, ಅದು ಚಲಿಸುತ್ತಿದೆ ಎಂಬುದನ್ನು ಅಳೆದು ತೋರಿಸಲು ಅವರಷ್ಟು ಕಷ್ಟಪಟ್ಟವರು ಆ ಕಾಲದಲ್ಲಿ ಬೇರೆ ಯಾರೂ ಇರಲಿಲ್ಲ.

ಮೊದಲು ಒಂದು ಸಣ್ಣ ವಿಷಯ ತಿಳಿದುಕೊಳ್ಳೋಣ. ಖಿಬ್ಲಾ ದಿಕ್ಕು ನೋಡುವ ಪುಟ್ಟ ದಿಕ್ಸೂಚಿ ನಮ್ಮಲ್ಲಿ ಹಲವರ ಮನೆಯಲ್ಲಿರುತ್ತದೆ. ಅದರ ಮುಳ್ಳು ಉತ್ತರ ತೋರಿಸುತ್ತದೆ ಎಂದು ನಾವು ಹೇಳುತ್ತೇವೆ. ವಾಸ್ತವವಾಗಿ ಅದು ತೋರಿಸುವುದು ಕಾಂತೀಯ ಉತ್ತರವನ್ನು. ಭೂಮಿ ಸುತ್ತುವ ಅಕ್ಷದ ತುದಿಯಲ್ಲಿರುವ ನಿಜವಾದ ಉತ್ತರಕ್ಕೂ ಮುಳ್ಳು ತೋರಿಸುವ ಉತ್ತರಕ್ಕೂ ನಡುವೆ ಒಂದು ಕೋನವಿರುತ್ತದೆ. ಇದಕ್ಕೆ ದಿಕ್ಪಾತ ಎನ್ನುತ್ತಾರೆ. ನಮ್ಮ ಕರ್ನಾಟಕದಲ್ಲಿ ಈ ಕೋನ ಬಹಳ ಚಿಕ್ಕದು, ಎರಡು ಡಿಗ್ರಿಯ ಆಸುಪಾಸು ಅಷ್ಟೇ. ಹಾಗಾಗಿ ನಮಗೆ ಅದು ಗಮನಕ್ಕೇ ಬರುವುದಿಲ್ಲ. ಆದರೆ ಅಟ್ಲಾಂಟಿಕ್ ಸಾಗರ ದಾಟುವ ನಾವಿಕನಿಗೆ ಕೆಲವೇ ಡಿಗ್ರಿಗಳ ವ್ಯತ್ಯಾಸವಾದರೂ ಹಡಗು ಬಂದರು ಬಿಟ್ಟು ಬಂಡೆಗೆ ಹೋಗಿ ಬಡಿಯಬಹುದು.

ಹ್ಯಾಲಿ ಹುಟ್ಟಿದ್ದು 1656ರಲ್ಲಿ, ಲಂಡನ್ ಪಕ್ಕದ ಹ್ಯಾಗರ್ಸ್ಟನ್ ಎಂಬಲ್ಲಿ. ತಂದೆಯ ಹೆಸರೂ ಎಡ್ಮಂಡ್ ಹ್ಯಾಲಿ. ಅವರು ಸಾಬೂನು ತಯಾರಿಸುವ ಶ್ರೀಮಂತ ವ್ಯಾಪಾರಿ. ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುತ್ತಿದ್ದಾಗಲೇ ಹುಡುಗನಿಗೆ ಆಕಾಶದ ಮೇಲೂ ದಿಕ್ಸೂಚಿಯ ಮೇಲೂ ಆಸಕ್ತಿ ಹುಟ್ಟಿತ್ತು. 1672ರಲ್ಲಿ ಅವರು ಲಂಡನ್ನಿನಲ್ಲಿ ದಿಕ್ಪಾತವನ್ನು ಸ್ವತಃ ಅಳೆದರು. ಮುಳ್ಳು ನಿಜವಾದ ಉತ್ತರದಿಂದ 2 ಡಿಗ್ರಿ 30 ಮಿನಿಟು ಪಶ್ಚಿಮಕ್ಕೆ ವಾಲಿತ್ತು. ಆಗ ಅವರ ವಯಸ್ಸು ನಮ್ಮ ಪ್ರಥಮ ಪಿಯುಸಿ ವಿದ್ಯಾರ್ಥಿಯ ವಯಸ್ಸು.

ಈ ಒಂದು ಅಳತೆ ನೋಡಲು ಏನೂ ಅಲ್ಲ. ಹಳೆಯ ಅಳತೆಗಳ ಪಕ್ಕದಲ್ಲಿ ಇಟ್ಟಾಗ ಅದರ ಬೆಲೆ ಗೊತ್ತಾಗುತ್ತದೆ. 1580ರಲ್ಲಿ ಇದೇ ಲಂಡನ್ನಿನಲ್ಲಿ ಮುಳ್ಳು 11 ಡಿಗ್ರಿ 15 ಮಿನಿಟು ಪೂರ್ವಕ್ಕಿತ್ತು. 1622ರಲ್ಲಿ 6 ಡಿಗ್ರಿ ಪೂರ್ವ. 1634ರಲ್ಲಿ ಸುಮಾರು 4 ಡಿಗ್ರಿ ಪೂರ್ವ. 1672ರ ಹೊತ್ತಿಗೆ ಅದು ಉತ್ತರವನ್ನೇ ದಾಟಿ ಪಶ್ಚಿಮಕ್ಕೆ ಬಂದಿತ್ತು. 1683ರಲ್ಲಿ ಹ್ಯಾಲಿ ಮತ್ತೆ ಅಳೆದಾಗ 4 ಡಿಗ್ರಿ 30 ಮಿನಿಟು ಪಶ್ಚಿಮ. ನೂರು ವರ್ಷದಲ್ಲಿ ಮುಳ್ಳು ಹದಿನೈದು ಡಿಗ್ರಿಗಿಂತ ಹೆಚ್ಚು ಸರಿದಿತ್ತು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ವಿಲಿಯಂ ಗಿಲ್ಬರ್ಟ್ 1600ರಲ್ಲೇ ಪುಸ್ತಕ ಬರೆದಿದ್ದರು. ಆದರೆ ಒಂದು ಸ್ಥಳದ ದಿಕ್ಪಾತ ಎಂದಿಗೂ ಬದಲಾಗುವುದಿಲ್ಲ ಎಂದು ಅವರು ನಂಬಿದ್ದರು. ಕಲ್ಲಿನಂತೆ ಗಟ್ಟಿಯಾದ ಭೂಮಿಯ ಕಾಂತತ್ವ ಹೀಗೆ ಜಾರಿಕೊಂಡು ಹೋಗುವುದು ಹೇಗೆ? ಹ್ಯಾಲಿ ಈ ಪ್ರಶ್ನೆಯನ್ನು ಮತ್ತೆ ಕೈಬಿಡಲಿಲ್ಲ.

1673ರಲ್ಲಿ ಅವರು ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜು ಸೇರಿದರು. ಹೋಗುವಾಗ ಜೊತೆಯಲ್ಲಿ 24 ಅಡಿ ಉದ್ದದ ದೂರದರ್ಶಕವನ್ನೂ ಒಯ್ದರಂತೆ. ಆದರೆ ಪದವಿ ಮುಗಿಸುವ ಮೊದಲೇ, ಇಪ್ಪತ್ತರ ವಯಸ್ಸಿನಲ್ಲಿ ಓದು ಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿದರು. ಹೋದದ್ದು ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವಿನ ಸೇಂಟ್ ಹೆಲೆನಾ ಎಂಬ ಪುಟ್ಟ ದ್ವೀಪಕ್ಕೆ. ಇಂಗ್ಲೆಂಡಿನಿಂದ ಕಾಣದ ದಕ್ಷಿಣದ ನಕ್ಷತ್ರಗಳ ಪಟ್ಟಿ ಮಾಡುವುದು ಅವರ ಉದ್ದೇಶ. ತಂದೆ ವರ್ಷಕ್ಕೆ 300 ಪೌಂಡು ಖರ್ಚಿಗೆ ಕೊಟ್ಟರು. ದ್ವೀಪದಲ್ಲಿ ಮೋಡದ ಕಾಟ ವಿಪರೀತ. ಆದರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು 341 ನಕ್ಷತ್ರಗಳ ಸ್ಥಾನ ಗುರುತಿಸಿ ಮರಳಿದರು. ರಾಜನ ಆಜ್ಞೆಯ ಮೇರೆಗೆ ಆಕ್ಸ್‌ಫರ್ಡ್ ಅವರಿಗೆ ಎಂ.ಎ. ಪದವಿ ಕೊಟ್ಟಿತು. 22ನೇ ವಯಸ್ಸಿಗೆ ರಾಯಲ್ ಸೊಸೈಟಿಯ ಸದಸ್ಯರಾದರು. ಈ ಸೇಂಟ್ ಹೆಲೆನಾ ದ್ವೀಪವನ್ನು ನೆನಪಿನಲ್ಲಿಡಿ, ಲೇಖನದ ಕೊನೆಯ ಭಾಗದಲ್ಲಿ ಅದು ಮತ್ತೆ ಬರುತ್ತದೆ.

1684 ಅವರ ಪಾಲಿಗೆ ಕೆಟ್ಟ ವರ್ಷ. ಮಾರ್ಚ್ ತಿಂಗಳಲ್ಲಿ ಮನೆಯಿಂದ ಹೊರಟ ತಂದೆ ಮರಳಲಿಲ್ಲ. ಐದು ವಾರಗಳ ನಂತರ ನದಿಯ ದಡದಲ್ಲಿ ಅವರ ಶವ ಸಿಕ್ಕಿತು. ಆ ದುಃಖದ ನಡುವೆಯೇ, ಅದೇ ವರ್ಷ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ಐಸಾಕ್ ನ್ಯೂಟನ್ ಅವರನ್ನು ಭೇಟಿಯಾದರು. ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುವ ಸೆಳೆತವಿದ್ದರೆ ಗ್ರಹಗಳ ಪಥ ಯಾವ ಆಕಾರದಲ್ಲಿರುತ್ತದೆ ಎಂದು ವಿಚಾರಿಸಿದರು. ದೀರ್ಘವೃತ್ತ ಎಂದು ನ್ಯೂಟನ್ ಆಗಲೇ ಲೆಕ್ಕ ಹಾಕಿದ್ದರು, ಆದರೆ ಲೆಕ್ಕದ ಹಾಳೆ ಎಲ್ಲಿಟ್ಟಿದ್ದೇನೆಂಬುದು ಅವರಿಗೇ ಮರೆತಿತ್ತು. ಅದನ್ನು ಮತ್ತೆ ಬರೆಯುವಂತೆ ಹ್ಯಾಲಿ ಬೆನ್ನುಬಿದ್ದರು. ಅದರ ಫಲವೇ 1687ರಲ್ಲಿ ಪ್ರಕಟವಾದ ಪ್ರಿನ್ಸಿಪಿಯಾ. ರಾಯಲ್ ಸೊಸೈಟಿ ತನ್ನ ಹಣವನ್ನೆಲ್ಲ ಮೀನುಗಳ ಕುರಿತ ಒಂದು ದುಬಾರಿ ಪುಸ್ತಕಕ್ಕೆ ಸುರಿದಿತ್ತು. ಆ ಪುಸ್ತಕ ಮಾರಾಟವಾಗಲಿಲ್ಲ. ಹಾಗಾಗಿ ಪ್ರಿನ್ಸಿಪಿಯಾದ ಮುದ್ರಣದ ಖರ್ಚನ್ನು ಹ್ಯಾಲಿ ತಮ್ಮ ಕೈಯಿಂದಲೇ ಹಾಕಿದರು. ಸೊಸೈಟಿಯ ಗುಮಾಸ್ತರಾಗಿದ್ದ ಅವರಿಗೆ ಸಂಬಳದ ಬದಲು ಅದೇ ಮೀನಿನ ಪುಸ್ತಕದ 50 ಪ್ರತಿಗಳು ಸಿಕ್ಕವು! ಇಂದು ನಾವು ಓದುವ ಚಲನೆಯ ನಿಯಮಗಳ ಹಿಂದೆ ಹ್ಯಾಲಿ ಅವರ ಈ ಔದಾರ್ಯವೂ ಇದೆ.

ಇದೇ ಹೊತ್ತಿನಲ್ಲಿ, 1686ರಲ್ಲಿ, ಅವರು ವಾಣಿಜ್ಯ ಮಾರುತ ಮತ್ತು ಮಾನ್ಸೂನ್ ಮಾರುತಗಳ ನಕ್ಷೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ನಮ್ಮ ಹಿಂದೂ ಮಹಾಸಾಗರವೂ ಇತ್ತು. ಅರಬ್ ನಾವಿಕರು ಋತುವಿಗೆ ಹೇಳುತ್ತಿದ್ದ ಮೌಸಿಮ್ ಎಂಬ ಪದದಿಂದಲೇ ಮಾನ್ಸೂನ್ ಬಂದದ್ದು ಎಂದು ನಾವು ಓದಿದ್ದೇವೆ. ನಮ್ಮ ಕರಾವಳಿಗೆ ಜೂನ್ ತಿಂಗಳಲ್ಲಿ ಮಳೆ ತರುವ ಗಾಳಿಗೆ ಬಿಸಿಲಿನ ಕಾವೇ ಕಾರಣ, ಬಿಸಿಯಾದ ಗಾಳಿ ಮೇಲೇರಿದಾಗ ತಂಪು ಗಾಳಿ ಆ ಕಡೆಗೆ ಹರಿಯುತ್ತದೆ ಎಂದು ವಿವರಿಸಲು ಯತ್ನಿಸಿದವರಲ್ಲಿ ಹ್ಯಾಲಿ ಮೊದಲಿಗರು. ನಾವಿಕರನ್ನು ಕೂರಿಸಿಕೊಂಡು ಮಾಹಿತಿ ಕೇಳುವುದು, ಸಿಕ್ಕಿದ್ದನ್ನು ನಕ್ಷೆಯ ಮೇಲೆ ಬಿಡಿಸುವುದು ಅವರ ಅಭ್ಯಾಸವಾಗಿತ್ತು. ಈ ಅಭ್ಯಾಸವೇ ಮುಂದೆ ಕಾಂತತ್ವದ ಕೆಲಸಕ್ಕೂ ಬಂತು.

ದಿಕ್ಸೂಚಿಯ ವಿಷಯಕ್ಕೆ ಬರೋಣ. 1683ರಲ್ಲಿ ಅವರು ತಮ್ಮ ಅಳತೆಗಳ ಜೊತೆಗೆ ನಾವಿಕರಿಂದಲೂ ಹಳೆಯ ಬರಹಗಳಿಂದಲೂ ಸಂಗ್ರಹಿಸಿದ ಅಳತೆಗಳನ್ನು ಒಟ್ಟುಗೂಡಿಸಿ, ಭೂಮಿಗೆ ಎರಡಲ್ಲ, ನಾಲ್ಕು ಕಾಂತಧ್ರುವಗಳಿರಬೇಕು ಎಂದು ವಾದಿಸಿದರು. ಆದರೆ ಘನವಾದ ಭೂಮಿಯೊಳಗೆ ಧ್ರುವ ಸರಿಯುವುದು ಹೇಗೆಂದು ಹೇಳಲು ಆಗಲಿಲ್ಲ. ಹತ್ತು ವರ್ಷಗಳ ಚಿಂತನೆಯ ನಂತರ, 1692ರಲ್ಲಿ ಒಂದು ವಿಚಿತ್ರವಾದ ಉತ್ತರ ಕೊಟ್ಟರು. ಭೂಮಿಯ ಹೊರಗಿನದು ಸುಮಾರು 500 ಮೈಲಿ ದಪ್ಪದ ಚಿಪ್ಪು. ಅದರೊಳಗೆ ಟೊಳ್ಳು. ಟೊಳ್ಳಿನೊಳಗೆ ಬೇರೆಯಾಗಿ ತಿರುಗುವ ಇನ್ನೊಂದು ಗೋಳ. ಎರಡು ಧ್ರುವಗಳು ಚಿಪ್ಪಿನಲ್ಲಿವೆ, ಎರಡು ಒಳಗೋಳದಲ್ಲಿವೆ. ಒಳಗೋಳ ತಿರುಗುವಾಗ ಒಂದಿಷ್ಟು ಹಿಂದೆ ಬೀಳುತ್ತದೆ. ಆದ್ದರಿಂದಲೇ ಮೇಲಿರುವ ಮುಳ್ಳು ವರ್ಷದಿಂದ ವರ್ಷಕ್ಕೆ ಪಶ್ಚಿಮಕ್ಕೆ ಸರಿಯುತ್ತದೆ. ಒಳಗೋಳ ಒಂದು ಸುತ್ತು ಹಿಂದೆ ಬೀಳಲು 700 ವರ್ಷ ಬೇಕಾಗಬಹುದು ಎಂದು ಅವರು ಅಂದಾಜಿಸಿದರು.

ಇಂದು ಓದಿದರೆ ಇದು ಕಟ್ಟುಕಥೆಯಂತೆ ಕಾಣುತ್ತದೆ. ಭೂಮಿ ಟೊಳ್ಳಲ್ಲ ಎಂಬುದು ನಮಗೆ ಗೊತ್ತು. ಆದರೆ ಈ ಊಹೆಯಲ್ಲಿ ನಾನು ಮೆಚ್ಚಿದ ಒಂದು ಅಂಶವಿದೆ. ಹ್ಯಾಲಿ ತಮ್ಮ ಅಳತೆಗಳನ್ನು ಊಹೆಗೆ ತಕ್ಕಂತೆ ತಿದ್ದಲಿಲ್ಲ. ಅಳತೆ ಹೀಗಿದೆ, ಹಾಗಾದರೆ ಭೂಮಿಯೊಳಗೆ ಏನಿರಬೇಕು ಎಂದು ಕೇಳಿದರು. ಜೊತೆಗೆ, ಇದನ್ನು ಖಚಿತಪಡಿಸಲು ಮುಂದಿನ ನೂರಾರು ವರ್ಷ ಜನರು ಅಳೆಯುತ್ತಲೇ ಇರಬೇಕು ಎಂಬುದನ್ನೂ ಮನಗಂಡಿದ್ದರು. 700 ವರ್ಷದ ಚಕ್ರವನ್ನು ಒಬ್ಬ ಮನುಷ್ಯ ನೋಡಲಾರ.

ತಾವು ಮಾಡಬಹುದಾದಷ್ಟನ್ನು ಮಾಡಲು ಅವರು ಸಮುದ್ರಕ್ಕೇ ಇಳಿದರು. ಇಂಗ್ಲೆಂಡಿನ ನೌಕಾಪಡೆ ಪ್ಯಾರಾಮೋರ್ ಎಂಬ ಪುಟ್ಟ ಹಡಗನ್ನು ಅವರಿಗಾಗಿ ಕಟ್ಟಿಸಿತು. ನೌಕಾಪಡೆಯಲ್ಲಿ ಕೆಲಸ ಮಾಡಿರದ ಒಬ್ಬ ವಿಜ್ಞಾನಿಯನ್ನು ಹಡಗಿನ ಕ್ಯಾಪ್ಟನ್ ಮಾಡಿದ್ದು ಬಹಳ ಅಪರೂಪದ ಸಂಗತಿ. ಶುದ್ಧ ವಿಜ್ಞಾನದ ಅಳತೆಗಾಗಿಯೇ ಹೊರಟ ಮೊದಲ ಸಮುದ್ರಯಾನಗಳಲ್ಲಿ ಇದೂ ಒಂದು. 1698ರ ಅಕ್ಟೋಬರಿನಲ್ಲಿ ಹಡಗು ಹೊರಟಿತು. ಆದರೆ ಹಡಗಿನ ಲೆಫ್ಟಿನೆಂಟ್ ಎಡ್ವರ್ಡ್ ಹ್ಯಾರಿಸನ್ ಹ್ಯಾಲಿ ಅವರ ಮಾತು ಕೇಳಲಿಲ್ಲ, ಸಿಬ್ಬಂದಿಯ ಎದುರೇ ಅವಮಾನಿಸಿದ. ರೇಖಾಂಶ ಕಂಡುಹಿಡಿಯುವ ಬಗ್ಗೆ ಅವನು ಬರೆದಿದ್ದ ಪುಸ್ತಕವನ್ನು ಹಿಂದೊಮ್ಮೆ ರಾಯಲ್ ಸೊಸೈಟಿಯ ಪರವಾಗಿ ನೋಡಿ ತಳ್ಳಿಹಾಕಿದವರಲ್ಲಿ ಹ್ಯಾಲಿಯೂ ಇದ್ದರು. ಆ ಸಿಟ್ಟು ಅವನ ಮನಸ್ಸಿನಲ್ಲಿತ್ತು. ಕೊನೆಗೆ ಹ್ಯಾಲಿ ಅವನನ್ನು ಅವನ ಕೋಣೆಯಲ್ಲೇ ಇರಿಸಿ, ವೆಸ್ಟ್ ಇಂಡೀಸ್ ಕಡೆಯಿಂದ ಇಂಗ್ಲೆಂಡಿನವರೆಗೆ ಹಡಗನ್ನು ತಾವೇ ನಡೆಸಿಕೊಂಡು ಬಂದರು. ವಿಚಾರಣೆಯಲ್ಲಿ ಹ್ಯಾರಿಸನ್‌ಗೆ ಎಚ್ಚರಿಕೆಯಷ್ಟೇ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಸಾಕು ಎನ್ನುತ್ತಿದ್ದರು. ಹ್ಯಾಲಿ ಎರಡೇ ತಿಂಗಳಲ್ಲಿ, 1699ರ ಸೆಪ್ಟೆಂಬರಿನಲ್ಲಿ, ಮತ್ತೆ ಹೊರಟರು.

ಎರಡನೆಯ ಯಾನದ ಆರಂಭದಲ್ಲೇ ಮ್ಯಾನ್ಲಿ ವೈಟ್ ಎಂಬ ಹುಡುಗ ಹಡಗಿನಿಂದ ಸಮುದ್ರಕ್ಕೆ ಬಿದ್ದು ಸತ್ತುಹೋದ. ಮುಂದೆ ಎಷ್ಟೋ ವರ್ಷಗಳ ನಂತರವೂ ಆ ಹುಡುಗನ ವಿಷಯ ಬಂದರೆ ಹ್ಯಾಲಿ ಅವರ ಕಣ್ಣು ತುಂಬಿ ಬರುತ್ತಿತ್ತು ಎನ್ನುತ್ತಾರೆ. ಹಡಗು ದಕ್ಷಿಣಕ್ಕೆ, ಇನ್ನೂ ದಕ್ಷಿಣಕ್ಕೆ ಸಾಗಿತು. 1700ರ ಫೆಬ್ರುವರಿ 1ರಂದು ಅವರು 52 ಡಿಗ್ರಿ 24 ಮಿನಿಟು ದಕ್ಷಿಣ ಅಕ್ಷಾಂಶದಲ್ಲಿದ್ದರು. ಎದುರಿಗೆ ಮೇಲ್ಭಾಗ ಚಪ್ಪಟೆಯಾದ ಬಿಳಿಯ ದ್ವೀಪಗಳು ಕಂಡವು. ಹತ್ತಿರ ಹೋದಾಗ ಅವು ಹಿಮಗಡ್ಡೆಗಳೆಂದು ತಿಳಿಯಿತು. ದಟ್ಟ ಮಂಜಿನಲ್ಲಿ ಹಡಗು ಅವುಗಳಿಗೆ ಬಡಿಯದೆ ಪಾರಾದದ್ದು ಪುಣ್ಯ. ಅಲ್ಲಿಂದ ಉತ್ತರಕ್ಕೆ ತಿರುಗಿ ಸೇಂಟ್ ಹೆಲೆನಾಕ್ಕೆ ಬಂದರು, ಬ್ರೆಜಿಲ್ ತೀರಕ್ಕೆ ಹೋದರು. ಅಲ್ಲಿನ ಪೆರ್ನಾಂಬುಕೊದಲ್ಲಿ ಇವರನ್ನು ಕಡಲ್ಗಳ್ಳರೆಂದು ಅನುಮಾನಿಸಿ ತಡೆದು ನಿಲ್ಲಿಸಲಾಯಿತು. ನ್ಯೂಫೌಂಡ್‌ಲ್ಯಾಂಡ್ ಬಳಿ ಮೀನುಗಾರರು ಇದೇ ಅನುಮಾನದಿಂದ ಗುಂಡು ಹಾರಿಸಿದರು. ಇಷ್ಟೆಲ್ಲದರ ನಡುವೆ ಹ್ಯಾಲಿ ಅಳತೆ ನಿಲ್ಲಿಸಲಿಲ್ಲ.

ಸಮುದ್ರದ ನಡುವೆ ದಿಕ್ಪಾತ ಅಳೆಯುವುದು ಹೇಗೆ ಎಂದು ನನಗೂ ಕುತೂಹಲವಿತ್ತು. ಉಪಾಯ ಸರಳ. ಬೆಳಿಗ್ಗೆ ಸೂರ್ಯ ಹುಟ್ಟುವ ದಿಕ್ಕನ್ನೂ ಸಂಜೆ ಮುಳುಗುವ ದಿಕ್ಕನ್ನೂ ದಿಕ್ಸೂಚಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಈ ಎರಡು ದಿಕ್ಕುಗಳ ನಟ್ಟನಡುವೆ ನಿಜವಾದ ಉತ್ತರ-ದಕ್ಷಿಣ ರೇಖೆ ಇರುತ್ತದೆ. ಮುಳ್ಳು ಅದರಿಂದ ಎಷ್ಟು ದೂರವಿದೆಯೋ ಅಷ್ಟು ದಿಕ್ಪಾತ. ಹೇಳಲು ಸುಲಭ. ಅಲೆಗೆ ತೂಗಾಡುವ ಹಡಗಿನಲ್ಲಿ, ಮೋಡ ಕವಿದ ಆಕಾಶದ ಕೆಳಗೆ, ತಿಂಗಳುಗಟ್ಟಲೆ ಇದನ್ನೇ ಮಾಡುವುದು ಎಷ್ಟು ಕಷ್ಟ ಎಂದು ಬೋಟಿಗೆ ಹೋಗುವವರನ್ನು ಕೇಳಿದರೆ ಗೊತ್ತಾಗುತ್ತದೆ. ನೂರಕ್ಕೂ ಹೆಚ್ಚು ಕಡೆ ಹ್ಯಾಲಿ ಹೀಗೆ ಅಳೆದರು.

1701ರಲ್ಲಿ ಅಟ್ಲಾಂಟಿಕ್ ಸಾಗರದ ನಕ್ಷೆ ಪ್ರಕಟವಾಯಿತು. ಸಮಾನ ದಿಕ್ಪಾತವಿರುವ ಸ್ಥಳಗಳನ್ನೆಲ್ಲ ಸೇರಿಸಿ ಅವರು ಬಾಗುಗೆರೆಗಳನ್ನು ಎಳೆದಿದ್ದರು. ನಾವು ಭೂಗೋಳದಲ್ಲಿ ಸಮೋಷ್ಣ ರೇಖೆ, ಸಮೋನ್ನತಿ ರೇಖೆ ಎಂದೆಲ್ಲ ಓದುತ್ತೇವಲ್ಲ, ಆ ಬಗೆಯ ರೇಖೆಗಳಿರುವ ನಕ್ಷೆ ಅಚ್ಚಾಗಿ ಜನಪ್ರಿಯವಾದದ್ದು ಇಲ್ಲಿಂದಲೇ. ಬಹಳ ಕಾಲ ಅವುಗಳನ್ನು ಹ್ಯಾಲಿ ರೇಖೆಗಳೆಂದೇ ಕರೆಯುತ್ತಿದ್ದರು. ನಂತರ ಹಿಂದೂ ಮಹಾಸಾಗರವನ್ನೂ ಸೇರಿಸಿ ಇನ್ನೂ ದೊಡ್ಡ ನಕ್ಷೆ ಮಾಡಿದರು. ಈ ರೇಖೆಗಳ ಸಹಾಯದಿಂದ ನಾವಿಕರು ತಾವಿರುವ ರೇಖಾಂಶವನ್ನು ಅಂದಾಜಿಸಬಹುದು ಎಂಬುದು ಅವರ ಆಸೆ. ಆದರೆ ರೇಖೆಗಳೇ ಸರಿಯುತ್ತಿರುವುದರಿಂದ ನಕ್ಷೆ ಬಹಳ ದಿನ ಬಾಳಲಿಲ್ಲ. 1744ರಲ್ಲಿ ಒಮ್ಮೆ, 1756ರಲ್ಲಿ ಮತ್ತೊಮ್ಮೆ ಬೇರೆಯವರು ಅದನ್ನು ಹೊಸದಾಗಿ ಬಿಡಿಸಬೇಕಾಯಿತು. ಇಂದು ನಮ್ಮ ಮೊಬೈಲಿನ ದಿಕ್ಸೂಚಿ ಬಳಸುವ ಜಾಗತಿಕ ಕಾಂತ ಮಾದರಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡುತ್ತಾರೆ. ಅದು ಹ್ಯಾಲಿ ನಕ್ಷೆಯ ಮೊಮ್ಮಗ ಎಂದರೂ ತಪ್ಪಲ್ಲ.

ಹ್ಯಾಲಿ ಅವರ ಬದುಕಿನಲ್ಲಿ ನಮ್ಮ ಅರಬಿ ತರಗತಿಯ ಗೆಳೆಯರಿಗೆ ಇಷ್ಟವಾಗುವ ಒಂದು ಅಧ್ಯಾಯವೂ ಇದೆ. ನಿಧಾನವಾಗಿ ಆಗುವ ಬದಲಾವಣೆಯನ್ನು ಹಿಡಿಯಬೇಕಾದರೆ ಹಳಬರ ಅಳತೆ ಬೇಕೇ ಬೇಕು ಎಂದು ದಿಕ್ಸೂಚಿ ಅವರಿಗೆ ಕಲಿಸಿತ್ತು. ಚಂದ್ರನ ಚಲನೆಯ ವಿಷಯದಲ್ಲೂ ಅವರು ಇದನ್ನೇ ಮಾಡಿದರು. ಯೂಫ್ರೆಟಿಸ್ ನದಿಯ ದಡದ ರಕ್ಕಾ ನಗರದಲ್ಲಿ ಗ್ರಹಣಗಳನ್ನು ಅಳೆದಿದ್ದ ಅಲ್-ಬತ್ತಾನಿ ಅವರ ಬರಹವನ್ನು ಹ್ಯಾಲಿ ಕೂಲಂಕಷವಾಗಿ ಪರಿಶೀಲಿಸಿ 1693ರಲ್ಲಿ ಟಿಪ್ಪಣಿ ಪ್ರಕಟಿಸಿದರು. ಅಲ್-ಬತ್ತಾನಿ ಬದುಕಿದ್ದು ಅವರಿಗಿಂತ ಏಳೆಂಟು ನೂರು ವರ್ಷ ಹಿಂದೆ. ಹಳೆಯ ಗ್ರಹಣಗಳನ್ನು ತಮ್ಮ ಕಾಲದ ಗ್ರಹಣಗಳ ಜೊತೆ ಹೋಲಿಸಿದಾಗ ಚಂದ್ರ ಮೊದಲಿಗಿಂತ ಸ್ವಲ್ಪ ವೇಗವಾಗಿ ಸಾಗುತ್ತಿರುವಂತೆ ಅವರಿಗೆ ಕಂಡಿತು. ಅದಕ್ಕೆ ಮುಖ್ಯ ಕಾರಣ ಭೂಮಿಯ ತಿರುಗುವಿಕೆ ನಿಧಾನವಾಗುತ್ತಿರುವುದು ಎಂದು ನಂತರದ ವಿಜ್ಞಾನಿಗಳು ಕಂಡುಕೊಂಡರು.

1704ರಲ್ಲಿ ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕರಾದಾಗ ಅವರಿಗೆ ವಯಸ್ಸು ಐವತ್ತರ ಹತ್ತಿರ. ಗ್ರೀಕ್ ಗಣಿತಜ್ಞ ಅಪೊಲೋನಿಯಸ್ ಬರೆದ ಶಂಕುಜಗಳ ಗ್ರಂಥದ ಐದು, ಆರು, ಏಳನೆಯ ಭಾಗಗಳ ಗ್ರೀಕ್ ಮೂಲ ಕಳೆದುಹೋಗಿತ್ತು. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಸಹೋದರರ ಆಶ್ರಯದಲ್ಲಿ ಸಾಬಿತ್ ಇಬ್ನ್ ಖುರ್ರಾ ಮಾಡಿದ ಅರಬಿ ಅನುವಾದ ಮಾತ್ರ ಉಳಿದಿತ್ತು. ಹ್ಯಾಲಿ ಆ ವಯಸ್ಸಿನಲ್ಲಿ ಅರಬಿ ಕಲಿತು, ಅರಬಿಯಿಂದ ಅದನ್ನು ಲ್ಯಾಟಿನ್ ಭಾಷೆಗೆ ತಂದು 1710ರಲ್ಲಿ ಪ್ರಕಟಿಸಿದರು. ಬಗ್ದಾದಿನ ಆ ಅನುವಾದಕರು ತಮ್ಮ ಕೆಲಸ ಎಂಟು ನೂರು ವರ್ಷಗಳ ನಂತರ ಆಕ್ಸ್‌ಫರ್ಡಿನಲ್ಲಿ ಒಬ್ಬರ ಮೇಜಿನ ಮೇಲೆ ತೆರೆದುಕೊಳ್ಳುತ್ತದೆ ಎಂದು ಊಹಿಸಿರಲಿಕ್ಕಿಲ್ಲ. ಕೆಲಸವನ್ನು ಸರಿಯಾಗಿ ಮಾಡಿಟ್ಟಿದ್ದರು, ಅಷ್ಟೇ.

ಧೂಮಕೇತುವಿನ ಕತೆಯೂ ಇದೇ ಜಾತಿಯದು. 1531, 1607 ಮತ್ತು 1682ರಲ್ಲಿ ಕಂಡ ಮೂರು ಧೂಮಕೇತುಗಳು ನಿಜವಾಗಿ ಒಂದೇ ಎಂದು 1705ರಲ್ಲಿ ಲೆಕ್ಕ ಹಾಕಿ, ಅದು 1758ರ ಸುಮಾರಿಗೆ ಮತ್ತೆ ಬರುತ್ತದೆಂದರು. ಅಷ್ಟು ಕಾಲ ತಾವು ಬದುಕಿರುವುದಿಲ್ಲ ಎಂಬುದು ಅವರಿಗೆ ಗೊತ್ತೇ ಇತ್ತು. 1720ರಲ್ಲಿ, 63ನೇ ವಯಸ್ಸಿನಲ್ಲಿ, ಅವರನ್ನು ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥರನ್ನಾಗಿ ನೇಮಿಸಿದರು. ಹಿಂದಿನ ಮುಖ್ಯಸ್ಥರ ಪತ್ನಿ ಉಪಕರಣಗಳನ್ನೆಲ್ಲ ಒಯ್ದಿದ್ದರು, ಕಟ್ಟಡ ಖಾಲಿಯಿತ್ತು. ಹೊಸ ಉಪಕರಣ ತರಿಸಿಕೊಂಡು, ಚಂದ್ರನ 18 ವರ್ಷಗಳ ಪೂರ್ತಿ ಚಕ್ರವನ್ನು ಅಳೆಯುವ ಕೆಲಸಕ್ಕೆ ಕೈಹಾಕಿದರು. ಜನ ನಿವೃತ್ತರಾಗುವ ವಯಸ್ಸಿನಲ್ಲಿ ಶುರು ಮಾಡಿ, ಅದನ್ನು ಮುಗಿಸಿದರು ಕೂಡ.

ಕಾಂತತ್ವವನ್ನು ಅವರು ಆಗಲೂ ಮರೆತಿರಲಿಲ್ಲ. 1716ರ ಮಾರ್ಚಿನಲ್ಲಿ ಲಂಡನ್ನಿನ ಆಕಾಶದಲ್ಲಿ ಧ್ರುವಪ್ರಭೆ ಕಾಣಿಸಿದಾಗ, ಅದಕ್ಕೂ ಭೂಮಿಯ ಕಾಂತತ್ವಕ್ಕೂ ಸಂಬಂಧವಿದೆ ಎಂದು ಬರೆದರು. ಎಂಬತ್ತರ ವಯಸ್ಸಿನಲ್ಲಿ ಬರೆಸಿದ ಭಾವಚಿತ್ರದಲ್ಲಿ ಅವರ ಕೈಯಲ್ಲೊಂದು ಹಾಳೆಯಿದೆ. ಧೂಮಕೇತುವಿನ ಚಿತ್ರ ಅಲ್ಲಿಲ್ಲ. ಇರುವುದು ಒಂದರೊಳಗೊಂದು ಗೋಳಗಳಿರುವ ಭೂಮಿಯ ಚಿತ್ರ. 1742ರ ಜನವರಿಯಲ್ಲಿ, 85ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 1758ರ ಡಿಸೆಂಬರ್ 25ರಂದು ಜರ್ಮನಿಯ ಡ್ರೆಸ್ಡೆನ್ ಬಳಿಯ ಪಾಲಿಟ್ಶ್ ಎಂಬ ರೈತರೊಬ್ಬರು ಮರಳಿ ಬಂದ ಧೂಮಕೇತುವನ್ನು ಮೊದಲು ಕಂಡರು.

ಧೂಮಕೇತು ಹ್ಯಾಲಿ ಹೇಳಿದಂತೆ ಬಂತು. ಮುಳ್ಳಿನ ಕತೆ ಹಾಗಾಗಲಿಲ್ಲ, ಅದು ಅವರು ಊಹಿಸಿದ್ದಕ್ಕಿಂತ ದೊಡ್ಡದಾಗಿತ್ತು. ಭೂಮಿಯೊಳಗೆ ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣದ ಹೊರ ಕೇಂದ್ರಗೋಳವಿದೆ. ಅಲ್ಲಿ ಹರಿದಾಡುವ ದ್ರವಲೋಹವೇ ಡೈನಮೊದಂತೆ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಅದರ ಒಳಗೆ ಘನವಾದ ಇನ್ನೊಂದು ಗೋಳವಿದೆ ಎಂದು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ 1936ರಲ್ಲಿ ಭೂಕಂಪದ ಅಲೆಗಳಿಂದ ಕಂಡುಹಿಡಿದರು. ಟೊಳ್ಳು ಭೂಮಿ ಸುಳ್ಳಾಯಿತು. ಆದರೆ ಮುಳ್ಳು ಸರಿಯಲು ಕಾರಣ ಭೂಮಿಯ ಆಳದಲ್ಲಿ ಚಲಿಸುವ ಏನೋ ಒಂದು ಎಂಬ ಹ್ಯಾಲಿ ಅವರ ಮೂಲ ಆಲೋಚನೆ ಉಳಿಯಿತು.

ಧ್ರುವಗಳು ತಿರುಗಿದ ಸಾಕ್ಷಿ ಸಿಕ್ಕಿದ್ದು ಕಲ್ಲಿನಲ್ಲಿ. ಲಾವಾ ತಣ್ಣಗಾಗುವಾಗ ಅದರಲ್ಲಿರುವ ಕಬ್ಬಿಣದ ಖನಿಜಗಳು ಆ ಕಾಲದ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಫ್ರಾನ್ಸಿನ ಬರ್ನಾರ್ಡ್ ಬ್ರೂನ್ ಲಾವಾದ ಕಾವಿಗೆ ಸುಟ್ಟ ಜೇಡಿಮಣ್ಣನ್ನು ಪರೀಕ್ಷಿಸಿ, ಅದರ ಕಾಂತದಿಕ್ಕು ಇಂದಿನದಕ್ಕೆ ಪೂರ್ತಿ ವಿರುದ್ಧವಾಗಿದೆ ಎಂದು 1906ರಲ್ಲಿ ತಿಳಿಸಿದರು. ಜಪಾನಿನ ಮೊಟೊನೊರಿ ಮತುಯಾಮ 1929ರಲ್ಲಿ, ಹಳೆಯ ಕಲ್ಲುಗಳಲ್ಲಿ ಹಲವು ತಿರುಗುಮುರುಗಾಗಿವೆ, ಹೊಸ ಕಲ್ಲುಗಳು ಇಂದಿನ ದಿಕ್ಕಿನಲ್ಲಿವೆ ಎಂದು ತೋರಿಸಿದರು. 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ಎಂಬ ಇಬ್ಬರು ವಿಜ್ಞಾನಿಗಳು ಸಮುದ್ರತಳದಲ್ಲಿ ಇಂಥ ಅದಲುಬದಲುಗಳು ಪಟ್ಟೆಪಟ್ಟೆಯಾಗಿ ದಾಖಲಾಗಿರುವುದನ್ನು ವಿವರಿಸಿದರು. ಅವರು ಬಳಸಿದ ಅಳತೆಗಳು ಬಂದದ್ದು ನಮ್ಮ ಅರಬ್ಬೀ ಸಮುದ್ರದಾಚೆ ನೀರೊಳಗಿರುವ ಕಾರ್ಲ್ಸ್‌ಬರ್ಗ್ ಪರ್ವತಶ್ರೇಣಿಯಿಂದ. ಉತ್ತರ ಕರ್ನಾಟಕದವರೆಗೂ ಹಬ್ಬಿರುವ ದಖ್ಖನ್ನಿನ ಕಪ್ಪು ಲಾವಾ ಕಲ್ಲಿನಲ್ಲೂ ಹೆಚ್ಚಿನ ಪಾಲು ಹರಿದದ್ದು ಧ್ರುವಗಳು ತಿರುಗಿದ್ದ ಕಾಲದಲ್ಲೇ.

ಹಾಗಾದರೆ ಆ ವಿಡಿಯೊಗಳು ಹೇಳುವುದು ನಿಜವೇ? ಧ್ರುವಗಳು ಅದಲುಬದಲಾಗುವುದು ನಿಜ. ಕೊನೆಯ ಬಾರಿ ಆದದ್ದು ಸುಮಾರು 7 ಲಕ್ಷ 80 ಸಾವಿರ ವರ್ಷಗಳ ಹಿಂದೆ. ಅದಕ್ಕೆ ಗೊತ್ತಾದ ಅವಧಿಯಿಲ್ಲ. ಅದು ಒಂದು ದಿನದಲ್ಲಿ ಆಗುವುದೂ ಇಲ್ಲ, ಸಾವಿರಾರು ವರ್ಷ ಹಿಡಿಯುತ್ತದೆ. ಆ ಕಾಲದಲ್ಲಿ ಕಾಂತಕ್ಷೇತ್ರ ದುರ್ಬಲವಾಗುತ್ತದೆ, ಆದರೆ ಪೂರ್ತಿ ಮಾಯವಾಗುವುದಿಲ್ಲ. ಕಳೆದ ಬಾರಿ ಮನುಷ್ಯರ ಪೂರ್ವಜರು ಭೂಮಿಯ ಮೇಲಿದ್ದರು, ಬದುಕಿ ಉಳಿದರು. 1840ರಿಂದ ಈಚೆಗೆ ಕಾಂತಕ್ಷೇತ್ರ ಶೇಕಡಾ 10ರ ಹತ್ತಿರ ಕುಗ್ಗಿರುವುದೂ ನಿಜ. ದಕ್ಷಿಣ ಅಟ್ಲಾಂಟಿಕ್ ಮೇಲೆ ಅದು ತೀರಾ ದುರ್ಬಲವಾಗಿದ್ದು, ಅಲ್ಲಿ ಹಾದುಹೋಗುವ ಉಪಗ್ರಹಗಳಿಗೆ ವಿಕಿರಣದ ತೊಂದರೆಯಾಗುತ್ತದೆ. ಇದು ಅದಲುಬದಲಿನ ಮುನ್ಸೂಚನೆಯೇ ಎಂದು ತಿಳಿಯಲು ವಿಜ್ಞಾನಿಗಳು ಹೋದದ್ದು ಸೇಂಟ್ ಹೆಲೆನಾ ದ್ವೀಪಕ್ಕೆ! ಅಲ್ಲಿನ 80 ಲಕ್ಷದಿಂದ 1 ಕೋಟಿ 10 ಲಕ್ಷ ವರ್ಷ ಹಳೆಯ ಲಾವಾ ಪದರಗಳಲ್ಲೂ ಕಾಂತಕ್ಷೇತ್ರ ಇದೇ ರೀತಿ ಅಸ್ಥಿರವಾಗಿದ್ದ ಗುರುತು ಸಿಕ್ಕಿತೆಂದು 2020ರಲ್ಲಿ ಪ್ರಕಟಿಸಿದರು. ಅಂದರೆ ಆ ಪ್ರದೇಶದ ದುರ್ಬಲತೆ ಹಳೆಯ ಕತೆ. ಅದೊಂದನ್ನೇ ನೋಡಿ ಧ್ರುವಗಳು ಈಗಲೇ ತಿರುಗುತ್ತವೆ ಎನ್ನಲಾಗದು.

ಕಳೆದ ನಾಲ್ಕು ಶತಮಾನಗಳಲ್ಲಿ ಕಾಂತಕ್ಷೇತ್ರ ಹೇಗೆ ಬದಲಾಯಿತು ಎಂಬುದನ್ನು ಇಂದು ಕಂಪ್ಯೂಟರಿನಲ್ಲಿ ಮರುರಚಿಸಿದ್ದಾರೆ. ಅದಕ್ಕೆ ಆಧಾರ ಹಳೆಯ ಹಡಗುಗಳ ದಿನಚರಿ ಪುಸ್ತಕಗಳು. ಸೂರ್ಯೋದಯ, ಸೂರ್ಯಾಸ್ತ ನೋಡಿ ಅಂದಿನ ನಾವಿಕರು ಬರೆದಿಟ್ಟ ಅಂಕಿಗಳು. ಅವರಲ್ಲಿ ಎಷ್ಟೋ ಜನರ ಹೆಸರೂ ನಮಗೆ ಗೊತ್ತಿಲ್ಲ. ನಾಲ್ಕು ಧ್ರುವ, ಟೊಳ್ಳು ಭೂಮಿ ಎಂಬ ಸಿದ್ಧಾಂತಗಳೆಲ್ಲ ಬಿದ್ದುಹೋದವು. ಪ್ರಾಮಾಣಿಕವಾಗಿ ಬರೆದ ಅಂಕಿಗಳು ಮಾತ್ರ ಇಂದಿಗೂ ಕೆಲಸ ಮಾಡುತ್ತಿವೆ.

ಗೆಳೆಯರೇ, ನಮ್ಮ ಪ್ರಾಕ್ಟಿಕಲ್ ತರಗತಿಯಲ್ಲಿ ಪುಸ್ತಕದ ಉತ್ತರಕ್ಕೆ ಹೊಂದುವ ಹಾಗೆ ರೀಡಿಂಗ್ ಬರೆದುಬಿಡೋಣ ಎನ್ನುವ ಆಸೆ ಯಾರಿಗಾದರೂ ಬರಬಹುದು. ಅಂಕ ಬೇಗ ಬೇಕು, ರಿಸಲ್ಟ್ ಬೇಗ ಬೇಕು ಎನ್ನುವ ವಯಸ್ಸು ನಮ್ಮದು. ಹಾಗೆ ಅನ್ನಿಸಿದಾಗ 1672ರ ಆ ಹುಡುಗನ 2 ಡಿಗ್ರಿ 30 ಮಿನಿಟನ್ನು ನೆನಪಿಸಿಕೊಳ್ಳೋಣ. ಭೂಮಿಯ ಕಾಂತತ್ವ ಬದಲಾಗುವುದಿಲ್ಲ ಎಂದು ಗಿಲ್ಬರ್ಟ್‌ರಂಥ ದೊಡ್ಡ ಪಂಡಿತರೇ ಹೇಳಿದ್ದರೂ, ಮುಳ್ಳು ತೋರಿಸಿದ್ದನ್ನೇ ಅವನು ಬರೆದ. ಮುನ್ನೂರೈವತ್ತು ವರ್ಷ ಕಳೆದರೂ ಆ ಅಂಕಿಯನ್ನು ತಿದ್ದುವ ಅಗತ್ಯ ಯಾರಿಗೂ ಬಂದಿಲ್ಲ.